ಸೋತವರು ಯಾರು, ಸೋಲಿಸಿದವರು ಯಾರು? ‘ಡಿಫೀಟ್’ ಬಳಸುವ ಬಗೆ

ಊರಿನ ಹೊನಲು ಬೆಳಕಿನ ವಾಲಿಬಾಲ್ ಟೂರ್ನಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎಂದರೆ, ನಮ್ಮ ಕಡೆಯ ಮಕ್ಕಳು ಎಡವುವುದು ಸೋತ ತಂಡದ ಸಾಲಿನಲ್ಲಿ. ‘ತೀರ್ಥಹಳ್ಳಿ ಟೀಮ್ ಡಿಫೀಟೆಡ್ ಇನ್ ದ ಫೈನಲ್’ ಎಂದು ಬರೆದಿಡುತ್ತಾರೆ. ಹೇಳಬೇಕೆಂದಿದ್ದು ತೀರ್ಥಹಳ್ಳಿ ಸೋತಿತು ಅಂತ. ಆದರೆ ಆ ಸಾಲು ಹೇಳುತ್ತಿರುವುದು ತೀರ್ಥಹಳ್ಳಿ ಸೋಲಿಸಿತು ಅಂತ. ಯಾರನ್ನು ಎನ್ನುವುದು ಮಾತ್ರ ಪತ್ತೆಯಿಲ್ಲ.

ನಿಘಂಟಿನಲ್ಲಿ ಡಿಫೀಟ್ ಎದುರಿಗೆ ‘ಸೋಲು’ ಎಂದು ಇರುವುದು ತಪ್ಪಲ್ಲ, ಅರ್ಧ ಸತ್ಯ. ಕನ್ನಡದ ಸೋಲು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಡಿಫೀಟ್ ನಾಮಪದವಾಗಿದ್ದಾಗ ಸೋಲು. ಕ್ರಿಯಾಪದವಾದ ಕೂಡಲೇ ಸೋಲಿಸು. ಹಾಗಾಗಿ ಮೊದಲ ಹೆಜ್ಜೆ ಇಷ್ಟೇ: ಬರೆಯುವ ಮುಂಚೆ ಆ ಜಾಗದಲ್ಲಿ ‘ಸೋಲಿಸು’ ಇಟ್ಟು ನೋಡಿ. ಕೂತರೆ ಡಿಫೀಟ್ ಸರಿ. ಕೂರದೆ ‘ಸೋಲು’ ಎಂದೇ ಬೇಕಾದರೆ ನಿಮಗೆ ಬೇಕಿರುವುದು ಲೂಝ್, ಅದರ ಭೂತಕಾಲ ಲಾಸ್ಟ್. ‘ತೀರ್ಥಹಳ್ಳಿ ಲಾಸ್ಟ್ ದ ಫೈನಲ್.’ ಡಿಫೀಟನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ ‘ವಾಸ್ ಡಿಫೀಟೆಡ್’ ಎನ್ನಿ. ಆ ‘ವಾಸ್’ ಬಿಟ್ಟುಹೋಗಿಯೇ ಅರ್ಧ ಅನಾಹುತ ಆಗುವುದು.

ಲೂಝ್ ಬರೆಯುವಾಗ ‘ಓ’ ಅಕ್ಷರ ಒಂದೇ. ಎರಡು ಹಾಕಿದರೆ ಅದು ಲೂಸ್, ಅಂದರೆ ಸಡಿಲ. ನಮ್ಮೂರ ಮಾತಿನಲ್ಲಿ ‘ಲೂಸು’ ಅಂದರೆ ಇನ್ನೂ ಬೇರೆಯೇ ಆಯಿತು, ಬಿಡಿ.

ಎರಡನೆಯದು, ಕ್ರಿಯಾಪದದ ಮುಂದೆ ಏನು ಬರುತ್ತದೆ ನೋಡಿ. ಗೆಲ್ಲುವುದು ಪಂದ್ಯವನ್ನು, ಸೋಲಿಸುವುದು ಎದುರಾಳಿಯನ್ನು. ‘ವಿ ವನ್ ಸಾಗರ ಟೀಮ್’ ಎಂದರೆ ಸಾಗರದ ತಂಡವನ್ನೇ ಬಹುಮಾನವಾಗಿ ಮನೆಗೆ ತಂದಂತಾಗುತ್ತದೆ. ‘ವಿ ಬೀಟ್ ಸಾಗರ’ ಅಥವಾ ‘ವಿ ಡಿಫೀಟೆಡ್ ಸಾಗರ’ ಸರಿ. ಬೀಟ್ ಆಡುಮಾತಿನ ಪದ, ಡಿಫೀಟ್ ಸ್ವಲ್ಪ ಇಸ್ತ್ರಿ ಹಾಕಿದ್ದು. ಬೀಟ್‌ನ ಭೂತಕಾಲವೂ ಬೀಟೇ.

ಯಾರಿಗೆ ಸೋತರು, ಎಷ್ಟರಿಂದ ಸೋತರು ಎಂದು ಹೇಳಬೇಕಾದರೆ ‘ಟು’ ಮತ್ತು ‘ಬೈ’ ಬೇಕು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ನಾಯಕರಾಗಿದ್ದ 1980ರ ಬಾಂಬೆ ಟೆಸ್ಟನ್ನೇ ತೆಗೆದುಕೊಳ್ಳಿ. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಿಶ್ವನಾಥ್ ವಾಪಸ್ ಕರೆದರು, ಟೇಲರ್ ಮತ್ತು ಬೋಥಮ್ ದೊಡ್ಡ ಜೊತೆಯಾಟ ಕಟ್ಟಿದರು, ಪಂದ್ಯ ಕೈಬಿಟ್ಟಿತು. ‘ಇಂಡಿಯಾ ಲಾಸ್ಟ್ ಟು ಇಂಗ್ಲೆಂಡ್ ಬೈ ಟೆನ್ ವಿಕೆಟ್ಸ್.’ ಸೋಲಿಸಿದವರಿಗೆ ಟು, ಅಂತರಕ್ಕೆ ಬೈ. ‘ವಾಸ್ ಡಿಫೀಟೆಡ್’ ಎಂದು ತಿರುಗಿಸಿದರೆ ಮಾತ್ರ ಸೋಲಿಸಿದವರಿಗೂ ಬೈ ಬರುತ್ತದೆ.

ಇನ್ನು ಸೋಲಿನ ಬಗೆ. ಇಂಗ್ಲಿಷಿನಲ್ಲಿ ಇದಕ್ಕೆ ಪದಗಳ ರಾಶಿಯೇ ಇದೆ, ಇಲ್ಲಿ ಅವಸರ ಬೇಡ. ಪದಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನಮ್ಮದೇ ಚರಿತ್ರೆಯ ಒಂದೊಂದು ಘಟನೆಗೆ ಒಂದೊಂದನ್ನು ಗಂಟು ಹಾಕಿಕೊಳ್ಳುವುದು ವಾಸಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೆಂದು ಔರಂಗಜೇಬನ ಸೈನ್ಯ ಕೆಳದಿ ಚೆನ್ನಮ್ಮನ ಮೇಲೆ ಬಂತು. ಆಕೆ ಅದನ್ನು ಹಿಮ್ಮೆಟ್ಟಿಸಿದಳು. ಇದು ರಿಪಲ್ಸ್: ಬಂದವರನ್ನು ಹೊರಗೆ ತಳ್ಳುವುದು, ಅವರ ರಾಜ್ಯ ಕಿತ್ತುಕೊಳ್ಳುವುದಲ್ಲ. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಹಿಡಿದ. ಅಲ್ಲಿಗೆ ಕೆಳದಿ ಸಂಸ್ಥಾನವೇ ಮುಗಿಯಿತು. ಇದು ಕಾಂಕರ್, ಗೆದ್ದು ತನ್ನದಾಗಿಸಿಕೊಳ್ಳುವುದು. ಇಪ್ಪತ್ತು ವರ್ಷ ಕಳೆದು, 1783ರಲ್ಲಿ, ಅದೇ ಬಿದನೂರು ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕೈಸೇರಿತು. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಇಂಗ್ಲಿಷರು ಷರತ್ತು ಮಾತಾಡಿಕೊಂಡು ಕೋಟೆ ಬಿಟ್ಟುಕೊಟ್ಟರು. ಇದಕ್ಕೆ ಕ್ಯಾಪಿಚುಲೇಟ್ ಎನ್ನುತ್ತಾರೆ. ಸರೆಂಡರ್ ಬರೀ ಶರಣಾಗತಿ. ಕ್ಯಾಪಿಚುಲೇಟ್ ಮೂಲದಲ್ಲಿ ಕಲಮುಗಳನ್ನು ಬರೆದುಕೊಂಡ ಶರಣಾಗತಿ. ಆ ಕಲಮುಗಳನ್ನು ಮುರಿದವರು ಯಾರು ಎಂಬ ಜಗಳ ಬೇರೆ ಇದೆ, ಹೊಸನಗರ ತಾಲ್ಲೂಕಿನ ನಗರದ ಕೋಟೆಗೆ ಹೋದಾಗ ಮಾತಾಡಿಕೊಳ್ಳಬಹುದು.

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡ 1942ರ ಈಸೂರಿಗೆ ಡಿಫೀಟ್ ಹಾಕಬೇಡಿ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದ ಹಳ್ಳಿಯ ಎದುರು ನಿಂತದ್ದು ಸರ್ಕಾರ, ಸಮಬಲದ ಇನ್ನೊಂದು ಪಕ್ಷವಲ್ಲ. ದಂಗೆ, ಚಳವಳಿಗಳನ್ನು ಬಲದಿಂದ ಅಡಗಿಸಿದರೆ ಅದು ಸಪ್ರೆಸ್ ಅಥವಾ ಕ್ರಷ್.

ಆಟಕ್ಕೆ ಇಷ್ಟು ಭಾರದ ಪದಗಳು ಬೇಡ. ಧೂಳೀಪಟ ಮಾಡಿದರೆ ರೌಟ್ ಅಥವಾ ಥ್ರ್ಯಾಶ್. ಯಾರೂ ಲೆಕ್ಕಕ್ಕಿಡದ ತಂಡ ಬಲಿಷ್ಠರನ್ನು ಕೆಡವಿದರೆ ಅಪ್‌ಸೆಟ್. ಎದುರು ತಂಡ ಮಳೆಗೆ ಘಾಟಿಯಲ್ಲೇ ಸಿಕ್ಕಿಕೊಂಡು ಬಾರದೇ ಹೋದರೆ ವಾಕ್‌ಓವರ್.

ಮನುಷ್ಯರಲ್ಲದ್ದನ್ನೂ ಡಿಫೀಟ್ ಮಾಡಬಹುದು. ಸದನದಲ್ಲಿ ನಿರ್ಣಯ ಬಿದ್ದುಹೋದರೆ ‘ದ ಮೋಷನ್ ವಾಸ್ ಡಿಫೀಟೆಡ್’. ಸದ್ದು ಮಾಡಬೇಡಿ ಎಂದು ಮೈಕಿನಲ್ಲಿ ಕೂಗಿದರೆ ‘ಇಟ್ ಡಿಫೀಟ್ಸ್ ದ ಪರ್ಪಸ್’, ಉದ್ದೇಶವೇ ಕೆಟ್ಟಿತು ಎಂದರ್ಥ. ಕಷ್ಟ, ಭಯ, ಚಟಗಳಿಗೆ ಮಾತ್ರ ಓವರ್‌ಕಮ್ ಹೆಚ್ಚು ಹೊಂದುತ್ತದೆ.

ಕನ್ನಡದ ಎಲ್ಲ ಸೋಲೂ ಅತ್ತ ದಾಟುವುದಿಲ್ಲ ಎನ್ನುವುದೂ ನೆನಪಿರಲಿ. ಕೊಡಚಾದ್ರಿ ಹತ್ತಿ ಕಾಲು ಸೋತರೆ ಅಲ್ಲಿ ಡಿಫೀಟ್ ಇಲ್ಲ, ಟಯರ್ಡ್ ಅಷ್ಟೇ. ಮಳೆಗಾಲದ ಜೋಗಕ್ಕೆ ಮನಸೋತೆ ಎಂಬುದನ್ನು ಪದಕ್ಕೆ ಪದ ಇಟ್ಟು ಬರೆದರೆ ನಗೆಪಾಟಲು.

ಕೊನೆಗೆ ಚುನಾವಣೆ. ಅಭ್ಯರ್ಥಿ ಸೋಲೊಪ್ಪಿಕೊಂಡರೆ ‘ಕನ್ಸೀಡೆಡ್ ಡಿಫೀಟ್’. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಗದೆ ಸೋತರೆ ಠೇವಣಿ ಹೋಗುತ್ತದಲ್ಲ, ಅದಕ್ಕೆ ಆಡುಮಾತಿನಲ್ಲಿ ‘ಲಾಸ್ಟ್ ಹಿಸ್ ಡೆಪಾಸಿಟ್’ ನಡೆಯುತ್ತದೆ. ಕಾನೂನಿನ ಪದ ಫೋರ್‌ಫೀಟ್, ಅಂದರೆ ಮುಟ್ಟುಗೋಲು. ಕಿವಿಗೆ ಡಿಫೀಟ್‌ನ ತಮ್ಮನಂತೆ ಕೇಳಿಸುತ್ತದೆ, ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆ ಬೇರೆ, ನೋಡಿಕೊಂಡೇ ಬರೆಯಿರಿ.