ಸೀಸದ ಪಟ್ಟಿಯ ಬಣ್ಣದ ಕಿಟಕಿ ಒರೆಸಿದ್ದು: ನನ್ನ ಅನುಭವ

ಮೊದಲ ಸಲ ಮಾಡಿದ್ದೆಲ್ಲ ತಪ್ಪೇ. ಮೆಟ್ಟಿಲ ಪಕ್ಕದ ಕಿಟಕಿ ನಮ್ಮದು, ಅಂಗೈಯಗಲದ ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ ಮಾಡಿದ್ದು. ವರ್ಷಗಟ್ಟಲೆ ಕೂತ ಧೂಳಿನಲ್ಲಿ ಹಸಿರು ಯಾವುದು, ನೀಲಿ ಯಾವುದು ಅಂತ ಗೊತ್ತಾಗದ ಹಾಗಾಗಿತ್ತು. ಒಂದು ಭಾನುವಾರ ಗಾಜು ಒರೆಸುವ ಸ್ಪ್ರೇ ಬಾಟಲಿ ಹಿಡಿದು ನಿಂತೆ. ಧಾರಾಳವಾಗಿ ಹೊಡೆದೆ, ಹಳೆ ಬನಿಯನ್ನಿನಿಂದ ಉಜ್ಜಿದೆ. ಬಟ್ಟೆ ಕಪ್ಪಾದಷ್ಟೂ ಹುರುಪು ಏರಿತು. ಮರುದಿನ ಬೆಳಿಗ್ಗೆ ನೋಡಿದರೆ ಪಟ್ಟಿಗಳ ಅಂಚಿನಿಂದ ಬೆಳ್ಳನೆ ಗೀಟುಗಳು ಇಳಿದು ಒಣಗಿವೆ, ಕೆಳಗಿನ ಚೌಕಟ್ಟಿನ ಮೇಲೆ ಬೂದುಬಣ್ಣದ ಪುಡಿ ಬಿದ್ದಿದೆ.

ಆ ಪುಡಿ ಏನು ಅಂತ ತಿಳಿದುಕೊಂಡ ಮೇಲೆ ಕೈ ತಣ್ಣಗಾಯಿತು. ಸೀಸದ ಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಎರಡು ಕಡೆಯ ಸಂದಿನಲ್ಲಿ ಎರಡು ಗಾಜು ಕೂರುತ್ತವೆ. ಗಾಜು ಅಲುಗಾಡಬಾರದು, ಮಳೆನೀರು ಒಳಗೆ ಬರಬಾರದು ಅಂತ ಆ ಸಂದಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಚೂರು ಮಸಿ ಕಲಸಿದ ಪುಟ್ಟಿ ತುಂಬಿರುತ್ತಾರೆ. ದಶಕಗಳು ಕಳೆದಂತೆ ಎಣ್ಣೆಯ ಅಂಶ ಒಣಗಿ ಅದು ಉದುರಲು ಶುರುವಾಗುತ್ತದೆ. ನಾನು ಹೊಡೆದ ಸ್ಪ್ರೇ ನೇರ ಅಲ್ಲಿಗೇ ಹೋಗಿ ಕೂತಿತ್ತು. ಅಂದರೆ ಕಿಟಕಿಯನ್ನು ಹಿಡಿದಿಟ್ಟಿದ್ದನ್ನೇ ತೊಳೆದು ಹೊರಗೆ ಹಾಕಿದ್ದೆ.

ಅದೇ ದಿನ ಇನ್ನೊಂದು ಸಾಹಸವೂ ಆಗಿತ್ತು. ಪಟ್ಟಿ ಮಂಕಾಗಿದೆ ಅಂತ ಮೂಲೆಯಲ್ಲಿ ಸ್ಟೀಲ್ ವೂಲ್ (ಉಕ್ಕಿನ ನಾರು) ಹಾಕಿ ಒಂದು ಇಂಚು ತಿಕ್ಕಿದೆ. ಬೆಳ್ಳಿಯಂತೆ ಹೊಳೆಯಿತು! ಆದರೆ ಆ ಕಡುಬೂದು ಪದರವೇ ಸೀಸಕ್ಕೆ ರಕ್ಷಣೆ. ಅದನ್ನು ಕೆರೆದು ಹೊಳಪು ತಂದರೆ ಒಳಗಿನ ಹೊಸ ಲೋಹ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ, ಕೆರೆದ ಸೀಸ ಪುಡಿಯಾಗಿ ಮನೆಯೊಳಗೇ ಹರಡುತ್ತದೆ. ಆ ಒಂದು ಇಂಚು ಈಗಲೂ ಪಕ್ಕದ ಪಟ್ಟಿಗಿಂತ ತುಸು ಬಿಳಿಚಿಕೊಂಡೇ ಇದೆ.

ಮಾರನೆಯ ವಾರ ವಿನೆಗರ್ ಹಾಕೋಣ ಅಂತಿದ್ದೆ, ಮಾಮೂಲಿ ಗಾಜಿಗೆ ಹಾಕುತ್ತೇವಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಒಂದು ವಿಷಯ ಓದಿದೆ. ಶತಮಾನಗಳ ಕಾಲ ಚಿತ್ರಕಾರರ ಬಿಳಿ ಬಣ್ಣವನ್ನು ಮಾಡುತ್ತಿದ್ದುದೇ ಸೀಸದ ಹಾಳೆಗಳನ್ನು ವಿನೆಗರ್ ಆವಿಯಲ್ಲಿಟ್ಟು, ಸಗಣಿಯ ಕಾವಿನಲ್ಲಿ ಹೂತು. ಲೋಹವೆಲ್ಲ ನಿಧಾನವಾಗಿ ಬಿಳಿ ಪುಡಿಯಾಗುತ್ತಿತ್ತು. ಅದೇ ವಿನೆಗರನ್ನು ಸೀಸದ ಕಿಟಕಿಗೆ ಹಚ್ಚಲು ಹೊರಟಿದ್ದೆ ನಾನು. ಹಾಗೆಯೇ ಹುಳಿ ವಾಸನೆ ಬರುವ ಸಿಲಿಕೋನ್ ಸೀಲೆಂಟನ್ನೂ ಇದರ ಹತ್ತಿರ ತರಬಾರದು, ಆ ವಾಸನೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ್ದೇ. ಅಮೋನಿಯಾ ಇರುವ ಕ್ಲೀನರ್ ಸಹ ಬೇಡ.

ಆಮೇಲೆ ಶುರುವಿನಿಂದ ಶುರು ಮಾಡಿದೆ. ಮೊದಲು ನೋಡುವ ಕೆಲಸ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದೆ. ಹಗಲಲ್ಲಿ ಕಾಣದ ಉಬ್ಬು, ಪಟ್ಟಿಯ ಬಿರುಕು, ಬಿಟ್ಟುಹೋದ ಬೆಸುಗೆ ಎಲ್ಲ ನೆರಳಾಗಿ ಎದ್ದು ಬಂತು. ಸೀಸ ಮೆತ್ತನೆಯ ಲೋಹ, ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ, ಮೇಲಿನ ಭಾರವನ್ನೂ ಹೊತ್ತು, ಕಾಲ ಕಳೆದಂತೆ ಹೊಟ್ಟೆ ಬಿಡುತ್ತದೆ. ಆಮೇಲೆ ಒಂದೊಂದು ಗಾಜಿಗೂ ಬೆರಳ ತುದಿಯಿಂದ ಮೆಲ್ಲಗೆ ಕುಟ್ಟಿ ಕೇಳಿದೆ. ಗಟ್ಟಿಯಾಗಿ ಕೂತದ್ದು ಮಂದ ಸದ್ದು ಕೊಡುತ್ತದೆ, ಸಡಿಲವಾದದ್ದು ಗಲಗಲ ಅನ್ನುತ್ತದೆ. ಏಳು ತುಂಡು ಗಲಗಲ ಅಂದವು. ಅವುಗಳ ಪಕ್ಕದ ಪಟ್ಟಿಗೆ ಪೇಂಟರ್ ಟೇಪಿನ ಚೂರು ಅಂಟಿಸಿ ಗುರುತು ಮಾಡಿ, ಸುಮ್ಮನೆ ಬಿಟ್ಟೆ.

ಇನ್ನು ಕೈಗೆ ನೈಟ್ರೈಲ್ ಗ್ಲವ್ಸ್. ಇದು ಶೋಕಿಗಲ್ಲ. ಪಟ್ಟಿಯ ಮೇಲಿನ ಬಿಳಿ ಹಿಟ್ಟು ಸೀಸದ ಲವಣ, ವಿಷ. ಒಣ ಬಟ್ಟೆಯಲ್ಲಿ ಝಾಡಿಸುವುದಾಗಲಿ, ಕೆಳಗೆ ಬಿದ್ದದ್ದನ್ನು ಪೊರಕೆಯಲ್ಲಿ ಗುಡಿಸುವುದಾಗಲಿ ಕೂಡದು. ಒದ್ದೆ ಬಟ್ಟೆಯಿಂದ ಒರೆಸಿ ಕವರಿನಲ್ಲಿ ಕಟ್ಟಿ ಇಡಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಲೇಬಾರದು.

ಒರೆಸುವ ಕೆಲಸ ಇದಕ್ಕಿಂತ ಸರಳ, ಆದರೆ ಸೋಮಾರಿಗಳಿಗಲ್ಲ. ಡಿಸ್ಟಿಲ್ಡ್ ವಾಟರ್, ಹತ್ತಿ, ತಾಳ್ಮೆ, ಇಷ್ಟೇ ಸಾಮಾನು. ನಲ್ಲಿ ನೀರಿನಲ್ಲಿರುವ ಲವಣ ಒಣಗಿದ ಮೇಲೆ ಕಲೆಯಾಗಿ ಉಳಿಯುತ್ತದೆ, ಅದಕ್ಕೇ ಡಿಸ್ಟಿಲ್ಡ್. ಹತ್ತಿಯ ಉಂಡೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಗಾಜಿನ ಮೇಲೆ ಉಜ್ಜದೆ ಉರುಳಿಸುತ್ತಾ ಹೋದೆ. ಉಜ್ಜಿದರೆ ಧೂಳಿನೊಳಗಿನ ಮರಳಿನ ಕಣವೇ ಗೀರುತ್ತದೆ, ಉರುಳಿಸಿದರೆ ಕೊಳೆ ಹತ್ತಿಗೆ ಸುತ್ತಿಕೊಂಡು ಬರುತ್ತದೆ. ಉಂಡೆ ಒಂದು ಸುತ್ತು ಕಪ್ಪಾಯಿತೋ, ಎಸೆದು ಹೊಸದು. ಪಟ್ಟಿಯ ಅಂಚು ಬಂದಾಗ ಬಡ್ಸ್‌ಗೆ ಬದಲಾಯಿಸಿ, ಸಂದಿಗೆ ನೀರು ಇಳಿಯದಂತೆ ಒಂದು ಎಳೆಯಷ್ಟು ಜಾಗ ಬಿಟ್ಟೆ. ಹಿಂದೆಯೇ ಒಣ ಹತ್ತಿ. ಹೀಗೆ ಮಾಡುವಾಗ ಇನ್ನೊಂದು ಕೈ ಗಾಜಿನ ಆಚೆ ಬದಿಯಲ್ಲಿ ಆಸರೆಯಾಗಿರಬೇಕು. ಜಿಡ್ಡು ಹಿಡಿದ ನಾಲ್ಕೈದು ತುಂಡಿಗೆ ಮಾತ್ರ ಸೌಮ್ಯವಾದ ಸೋಪು ಒಂದು ಹನಿ ಬೆರೆಸಿದೆ, ಬಳಿಕ ಬರಿ ನೀರಿನ ಹತ್ತಿಯಿಂದ ಎರಡು ಸಲ ತೆಗೆದೆ. ಗೋಡೆಗೆ ಬಳಿದ ಬಣ್ಣ ಸಿಡಿದು ಗಾಜಿಗೆ ಅಂಟಿದ್ದನ್ನು ಒದ್ದೆ ಹತ್ತಿ ಇಟ್ಟು ನೆನೆಸಿ ಬಿದಿರಿನ ಕಡ್ಡಿಯಿಂದ ಎಬ್ಬಿಸಿದೆ. ಬ್ಲೇಡು ಮುಟ್ಟಲಿಲ್ಲ. ಒಂದು ತುಂಡಿಗೆ ಹತ್ತು ನಿಮಿಷ ಅಂತ ಹಿಡಿದು, ಇಡೀ ಕಿಟಕಿಗೆ ನಾಲ್ಕು ಶನಿವಾರ ಹೋಯಿತು.

ಮೇಲಿನ ಸಾಲಿನಲ್ಲಿ ಒಂದು ಹೆಣ್ಣುಮಗಳ ಮುಖ ಬರೆದ ತುಂಡು ಇದೆ. ಇಂಥ ಗೆರೆಗಳು ಲೋಹದ ಆಕ್ಸೈಡು ಮತ್ತು ಅರೆದ ಗಾಜನ್ನು ಕಲಸಿ ಬರೆದು, ಗೂಡಿನಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಟ್ಟು ಹಿಡಿಸಿದವು. ಚೆನ್ನಾಗಿ ಸುಟ್ಟಿದ್ದರೆ ಗಾಜಿನಷ್ಟೇ ಗಟ್ಟಿ, ಅರೆಬರೆ ಸುಟ್ಟಿದ್ದರೆ ಉಗುರು ಸೋಕಿದರೂ ಏಳುತ್ತದೆ. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆಯ ಹತ್ತಿರದ ಗೆರೆಯಲ್ಲಿ ಸಾಸಿವೆಗಿಂತ ಸಣ್ಣ ಒಂದು ಚಕ್ಕೆ, ಒಂದು ಬದಿ ಮಾತ್ರ ಅಂಟಿಕೊಂಡು ನಿಂತಿತ್ತು. ಉಸಿರು ಬಿಟ್ಟರೆ ಹಾರಿಹೋಗುತ್ತದೇನೋ ಅನಿಸಿತು. ಹತ್ತಿಯನ್ನು ತಟ್ಟೆಯಲ್ಲಿಟ್ಟು ಏಣಿಯಿಂದ ಇಳಿದೆ. ಹಳೆ ಗಾಜು ರಿಪೇರಿ ಮಾಡುವ ಪರಿಣತರೊಬ್ಬರಿಗೆ ಫೋಟೊ ಕಳಿಸಿದರೆ, "ಮುಟ್ಟಬೇಡಿ, ಮೊದಲು ಚಕ್ಕೆ ಕೂರಿಸಬೇಕು, ಆಮೇಲೆ ಕೊಳೆ" ಅಂದರು.

ಹಾಗಾಗಿ ಈಗ ಕಿಟಕಿ ತುಂಬ ಬೆಳಕು, ಮುಖ ಒಂದು ಮಾತ್ರ ಮಸಿ ಬಳಿದುಕೊಂಡ ಹಾಗಿದೆ. ಬಂದವರೆಲ್ಲ "ಅಲ್ಲೊಂದು ಒರೆಸೋದು ಬಿಟ್ಟಿದ್ದೀರಿ" ಅಂತ ತೋರಿಸುತ್ತಾರೆ. ಆ ಪರಿಣತರು ಬಂದಾಗ ಏಳು ಗಲಗಲ ತುಂಡುಗಳಿಗೂ ಹೊಸ ಪುಟ್ಟಿ ಹಾಕಿಸಬೇಕು. ಟೇಪಿನ ಚೂರುಗಳು ಇನ್ನೂ ಅಲ್ಲೇ ಇವೆ.