ಸವೆದ ವೀರಗಲ್ಲನ್ನು ಓರೆ ಬೆಳಕಿನಲ್ಲಿ ಓದಿದ್ದು: ನನ್ನ ಅನುಭವ

ಒದ್ದೆ ಕಾಗದ ಹಚ್ಚಿ ಮಸಿಯಿಂದ ತೆಗೆಯುವ ಅಚ್ಚಿಲ್ಲದೆ ಶಾಸನ ಓದುವುದು ಆಗದ ಮಾತು ಅಂದವರೇ ಈಗ ನನ್ನ ಫೋಟೊ ಮುಂದಿಟ್ಟುಕೊಂಡು ತಾವು ಓದಿದ ಶಾಸನಪಾಠ ತಿದ್ದಿಕೊಳ್ಳುತ್ತಿದ್ದಾರೆ. ಹೀಗಾಗಿ ಬರೆದಿಡುತ್ತಿದ್ದೇನೆ. ರಸ್ತೆ ಪಕ್ಕದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಮಳೆ ಬಿಸಿಲಿಗೆ ನಿಂತು ಸವೆದ ಕಲ್ಲುಗಳಿಗೆ ಮಾತ್ರ ಈ ವಿಧಾನ: ಕಲ್ಲಿನ ಮೈಗೆ ಓರೆಯಾಗಿ ಬೆಳಕು ಬಿಟ್ಟು, ಬೀಳುವ ನೆರಳಿನಿಂದ ಅಕ್ಷರ ಗುರುತಿಸುವುದು. ಗುಡಿಯೊಳಗೆ ಚೆನ್ನಾಗಿ ಉಳಿದ ಕಲ್ಲಿಗೆ ಅಚ್ಚೇ ಸಾಕು.

ವೀರಗಲ್ಲಿನಲ್ಲಿ ಅಚ್ಚು ಕೈಕೊಡುವುದಕ್ಕೆ ಕಾರಣವಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅಕ್ಷರಗಳಿರುವುದು ಈ ಅಂತಸ್ತುಗಳ ನಡುವಿನ ಸಣ್ಣ ಪಟ್ಟಿಕೆಯಲ್ಲಿ. ಮೇಲೂ ಕೆಳಗೂ ಶಿಲ್ಪದ ಅಂಚು ಉಬ್ಬಿರುವುದರಿಂದ ಒದ್ದೆ ಕಾಗದ ಆ ಮೂಲೆಗೆ ಕೂರುವುದಿಲ್ಲ, ಬ್ರಷ್ಷಿನಿಂದ ಬಡಿದರೆ ಹರಿಯುತ್ತದೆ. ಹರಿದಲ್ಲಿ ಮಸಿ ಕಲ್ಲಿಗೇ ಇಳಿಯುತ್ತದೆ, ಆಮೇಲೆ ಹೋಗುವುದಿಲ್ಲ. ಸವೆದ ಗ್ರಾನೈಟಿನಲ್ಲಿ ಅಕ್ಷರದ ಆಳ ಒಂದು ಮಿಲಿಮೀಟರೂ ಇರುವುದಿಲ್ಲ. ಕಲ್ಲಿನ ಹರಳಿನ ಕುಳಿಗಳೂ ಅಷ್ಟೇ ಆಳ. ಕಾಗದ ಎರಡನ್ನೂ ಒಂದೇ ಥರ ಹಿಡಿಯುತ್ತದೆ.

ಅಕ್ಷರ ಕಾಣಲೆಂದು ಗೆರೆಗಳಿಗೆ ಸೀಮೆಸುಣ್ಣ, ಮೈದಾ, ಬೂದಿ ತುಂಬುವವರಿಗೆ ಒಂದು ಮಾತು: ನೀವು ತುಂಬುವುದು ಕಲ್ಲಿನಲ್ಲಿರುವುದನ್ನಲ್ಲ, ನೀವು ಆಗಲೇ ಓದಿದ್ದನ್ನು. ಮೈದಾ ಉಳಿದ ಕುಳಿಯಲ್ಲಿ ಬೂಷ್ಟು ಬೇರೆ ಬರುತ್ತದೆ.

ಬೆಳಕಿಗೆ ಬರೋಣ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕಲ್ಲಿನ ಮೈಗೆ ಸಮಾನಾಂತರವಾಗಿ ನಿಲ್ಲಿಸಿ, ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ದೂರದಿಂದಲೇ ಬೆಳಗಿಸುವ ಟ್ರಿಗರ್‌ನಿಂದ ಹೊಡೆಯಿರಿ. ಎಫ್ 8, ಐಎಸ್‌ಒ 200, 1/125 ಸೆಕೆಂಡ್ ಆಸುಪಾಸಿನಿಂದ ಶುರು ಮಾಡಿ. ಎಲ್ಲರೂ ಎಡವುವುದು ಫ್ಲ್ಯಾಶಿನ ದೂರದಲ್ಲಿ. ಮುಕ್ಕಾಲು ಮೀಟರ್ ಅಗಲದ ಕಲ್ಲಿಗೆ ಒಂದು ಮೀಟರ್ ದೂರದಿಂದ ಹೊಡೆದರೆ ಈಚೆ ಅಂಚಿಗೆ ಆಚೆ ಅಂಚಿನ ಮೂರು ಪಟ್ಟು ಬೆಳಕು ಬೀಳುತ್ತದೆ. ಒಂದು ಕಡೆ ಸುಟ್ಟಂತೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪು. ಮೂರು ಮೀಟರ್ ದೂರಕ್ಕೆ ಸರಿದರೆ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಅಷ್ಟು ದೂರದಲ್ಲಿ ಫ್ಲ್ಯಾಶ್ ಕಲ್ಲಿನ ಮೈಯಿಂದ ಅರ್ಧ ಮೀಟರ್ ಮುಂದಿದ್ದರೆ ಕೋನ ಸುಮಾರು 10 ಡಿಗ್ರಿ. ಶಿಲ್ಪವಿಲ್ಲದ ಸಪಾಟು ಕಲ್ಲಿನ ಶಾಸನಕ್ಕೆ ಇದೇ ಸರಿ.

ವೀರಗಲ್ಲಿಗೆ ಇದು ನಡೆಯುವುದಿಲ್ಲ. ಮೂರು ಸೆಂಟಿಮೀಟರ್ ಉಬ್ಬಿದ ಅಂಚಿನ ಮೇಲಿಂದ 10 ಡಿಗ್ರಿಯಲ್ಲಿ ಬೆಳಕು ಬಿಟ್ಟರೆ ನೆರಳು 17 ಸೆಂಟಿಮೀಟರ್ ಬೀಳುತ್ತದೆ, ಇಡೀ ಪಟ್ಟಿಕೆಯೇ ಮುಳುಗುತ್ತದೆ. ಪಕ್ಕದಿಂದ ಮಾತ್ರ ಬಿಟ್ಟರೆ ನಿಂತ ಗೆರೆಗಳು ಎದ್ದು, ತಲೆಕಟ್ಟು ಮಾಯವಾಗುತ್ತದೆ. ತಲೆಕಟ್ಟು ಹೋದರೆ ಪ, ವ, ಮಗಳಲ್ಲಿ ಯಾವುದೆಂದು ಹೇಳುವುದು ಹೇಗೆ? ಆದ್ದರಿಂದ ಪಕ್ಕಗಳಿಂದ 10 ಡಿಗ್ರಿ, ಎಡಮೇಲು ಬಲಮೇಲು ಮೂಲೆಗಳಿಂದ 20–25, ನೇರ ಮೇಲಿಂದ 35ರ ಹತ್ತಿರ. ಕೆಳಗಿನಿಂದಲೂ ಒಂದು ತೆಗೆಯಿರಿ, ಆದರೆ ಅದನ್ನು ಓದುವಾಗ ಚಿತ್ರವನ್ನು ತಲೆಕೆಳಗೆ ತಿರುಗಿಸಿ. ಇಲ್ಲದಿದ್ದರೆ ಕೊರೆದ ಅಕ್ಷರ ಉಬ್ಬಿದಂತೆ ಕಂಡು ಕಣ್ಣು ಮೋಸಹೋಗುತ್ತದೆ. ಎಲ್ಲವನ್ನೂ ಬೆರೆಸಿ ಒಂದೇ ಚಿತ್ರ ಮಾಡಬೇಡಿ. ಎದುರುಬದುರು ದಿಕ್ಕಿನ ಎರಡನ್ನು ಒಂದರ ಮೇಲೊಂದಿಟ್ಟು ಬದಲಿಸುತ್ತ ನೋಡಿ: ಕೊರೆದ ಗೆರೆಯಲ್ಲಿ ನೆರಳು ಮಗ್ಗುಲು ಬದಲಿಸುತ್ತದೆ, ಬರೀ ಕಲೆ ಅಲ್ಲೇ ಇರುತ್ತದೆ. ಹರಳಿನ ಮಿನುಗನ್ನು ತಗ್ಗಿಸಲು ಫ್ಲ್ಯಾಶಿನ ಮುಂದೆ ನಾನೊಂದು ಸಾಮಾನು ಕಟ್ಟುತ್ತೇನೆ. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ.

ಕಲ್ಲು ತೊಳೆಯುವುದಕ್ಕೆ ನೀರು, ಮೆದು ನೈಲಾನ್ ಬ್ರಷ್, ಬಿದಿರಿನ ಚಕ್ಕೆ. ಕಲ್ಲುಹೂವನ್ನು ಮೊದಲು ನೆನೆಸಿ ಮೆತ್ತಗೆ ಮಾಡಿಕೊಳ್ಳಿ. ತಂತಿ ಬ್ರಷ್, ಆಸಿಡ್ ಹತ್ತಿರ ತರಬೇಡಿ. ಪೂಜೆಯ ಕಲ್ಲಾದರೆ ಊರವರನ್ನು ಕೇಳದೆ ಎಣ್ಣೆ ಕುಂಕುಮ ಮುಟ್ಟಬಾರದು. ಪೇಂಟ್ ಬಳಿದಿದ್ದರೆ ಹಾಗೇ ಬಿಡಿ, ಓರೆ ಬೆಳಕಿಗೆ ಅದು ಅಷ್ಟೇನೂ ಅಡ್ಡಿಯಲ್ಲ. ಕೊನೆಯ ಸಾಲು ಮಣ್ಣಲ್ಲಿ ಹೂತಿದ್ದರೆ ಅಗೆಯುವ ಮುಂಚೆ ಪುರಾತತ್ವ ಇಲಾಖೆಗೆ ತಿಳಿಸಿ.

ತೊಳೆದ ಕಲ್ಲಿನಲ್ಲಿ ಇನ್ನೊಂದು ಆಟವಿದೆ. ಮೈ ಒಣಗಿ ಕುಳಿ ಇನ್ನೂ ಒದ್ದೆಯಿರುವ ಕೆಲವೇ ನಿಮಿಷ ಅಕ್ಷರಗಳು ಕಪ್ಪಗೆ ಎದ್ದು ನಿಲ್ಲುತ್ತವೆ, ಫ್ಲ್ಯಾಶೇ ಬೇಡ. ಸಣ್ಣ ಹರಳಿನ ಕಲ್ಲಿನಲ್ಲಿ ಚೆನ್ನಾಗಿ ಬರುತ್ತದೆ. ದಪ್ಪ ಹರಳಿನದಾದರೆ ಎಲ್ಲ ಕುಳಿಯೂ ಕಪ್ಪಾಗಿ ಸಿಡುಬಿನ ಮುಖದಂತೆ ಕಾಣುತ್ತದೆ. ಮೊಬೈಲಿನಲ್ಲಿ ಅರವತ್ತು ಎಪ್ಪತ್ತು ಫೋಟೊ ತೆಗೆದು 3ಡಿ ಮಾದರಿಯನ್ನೂ ಮಾಡಿ ನೋಡಿದ್ದಾಯಿತು. ಶಿಲ್ಪ ಸೊಗಸಾಗಿ ಬಂತು. ಆಳವಿಲ್ಲದ ಅಕ್ಷರವನ್ನು ಸಾಫ್ಟ್‌ವೇರ್ ನುಣ್ಣಗೆ ಸವರಿಬಿಟ್ಟಿತು.

ಖರ್ಚು, ನೆನಪಿದ್ದಷ್ಟು: ಸೆಕೆಂಡ್ ಹ್ಯಾಂಡ್ ಫ್ಲ್ಯಾಶೂ ಟ್ರಿಗರೂ ಸೇರಿ ಐದು ಸಾವಿರದ ಒಳಗೆ, ಸ್ಟ್ಯಾಂಡಿಗೆ ಎರಡು ಸಾವಿರ ಚಿಲ್ಲರೆ. ಇದಕ್ಕೂ ಮುಂಚೆ ಎಲ್‌ಇಡಿ ದೀಪಗಳಿಗೆ ಸುರಿದ ಮೂರು ನಾಲ್ಕು ಸಾವಿರ ದಂಡ. ಅವುಗಳ ಅಗಲವಾದ ಬೆಳಕಿನಲ್ಲಿ ನೆರಳಿನ ಅಂಚು ಹರಿತವಾಗುವುದೇ ಇಲ್ಲ.

ಕಲ್ಲಿನಲ್ಲಿ ಶಕವರ್ಷವೂ ಸಂವತ್ಸರದ ಹೆಸರೂ ಇದ್ದರೆ, ಓದಿದ್ದು ಸರಿಯೇ ಎಂಬುದಕ್ಕೆ ಸಂವತ್ಸರದ ಲೆಕ್ಕ ಹಾಕಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಅರವತ್ತರಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಸಂವತ್ಸರ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಶಕ 872ಕ್ಕೆ ಶೇಷ 44 ಬರುತ್ತದೆ, ಕಲ್ಲಿನಲ್ಲಿರುವುದು 43ನೆಯ ಸೌಮ್ಯ. ಈ ಸೂತ್ರ ಮುಗಿದ ವರ್ಷಗಳದ್ದು, ಅಲ್ಲಿನ ಲೆಕ್ಕ ನಡೆಯುತ್ತಿರುವ ವರ್ಷದ್ದು, ಹಾಗಾಗಿ ಒಂದರ ಅಂತರ ಸಹಜ. ಅದಕ್ಕಿಂತ ಹೆಚ್ಚು ತಪ್ಪಿದರೆ ಅಂಕಿಯನ್ನೋ ಹೆಸರನ್ನೋ ಮತ್ತೆ ನೋಡಬೇಕು. ಶಕ 110… ಎಂದಿದ್ದು ಕೊನೆಯ ಅಂಕಿ ಅಳಿಸಿಹೋಗಿ, ಹೆಸರು ಶೋಭಕೃತ್ ಎಂದು ಕಂಡರೆ ಮುಗಿದ ವರ್ಷದ ಲೆಕ್ಕದಲ್ಲಿ ಅದು 1105. ಅದೇ ಶುಭಕೃತ್ ಆದರೆ 1104. ವ್ಯತ್ಯಾಸವಿರುವುದು ಶಕಾರಕ್ಕೆ ಹತ್ತಿದ ಸ್ವರಚಿಹ್ನೆಯಲ್ಲಿ ಮಾತ್ರ. ಆ ಒಂದಕ್ಕಾಗಿ ಬಲಮೇಲಿನ ಮೂಲೆಯಿಂದ ಇನ್ನೆರಡು ಕೋನಗಳಲ್ಲಿ ಹೆಚ್ಚುವರಿ ಫೋಟೊ ತೆಗೆದುಕೊಂಡೇ ಸ್ಟ್ಯಾಂಡ್ ಮಡಚಿ.