ಬಾವುಟದ ಕಂಬದ ನೆರಳು ಹಿಡಿಯುವುದು ಹೇಗೆ?

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಪಾಠ ಮಾಡಿ ಅಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಬಸ್ಸು, ಒಪ್ಪಿಗೆ ಪತ್ರ, ಬುತ್ತಿ. ಅಷ್ಟೆಲ್ಲ ಬೇಡ. ಶಾಲೆಯ ಮುಂದೆ ಬಾವುಟದ ಕಂಬ ಇದೆ ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಬೇಕಾಗುವುದು ಸೀಮೆಸುಣ್ಣ, ಟೇಪು, ಒಂದು ಗಡಿಯಾರ. ನಾಲ್ಕು, ಐದನೇ ತರಗತಿಗೆ ಹೇಳಿ ಮಾಡಿಸಿದ ಆಟ. ಕಂಬದ ನೆರಳು ಹೋಗಿ ಕಾಂಪೌಂಡ್ ಗೋಡೆ ಹತ್ತುತ್ತಿದ್ದರೆ ಅದನ್ನು ಬಿಟ್ಟು, 1 ಮೀಟರ್ ಕೋಲೊಂದನ್ನು ಹುಗಿಯಿರಿ. ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಸಾಕು.

ಮೊದಲು ಅಳೆಯಬೇಡಿ, ಊಹಿಸಲು ಹೇಳಿ. ಪ್ರಾರ್ಥನೆ ಮುಗಿದ ಕೂಡಲೇ ನೆರಳಿನ ತುದಿಗೆ ಗುರುತು ಹಾಕಿ, 'ಊಟದ ಬೆಲ್ ಹೊತ್ತಿಗೆ ಇದು ಎಲ್ಲಿರುತ್ತೆ?' ಅಂತ ಕೇಳಿ. ಪ್ರತಿ ಮಗುವೂ ತಾನು ಅಂದುಕೊಂಡ ಜಾಗದಲ್ಲಿ ಒಂದು ಕಲ್ಲು ಇಡಲಿ. ಈ ಕಲ್ಲು ಇಡಿಸುವುದನ್ನು ಮಾತ್ರ ಬಿಡಬೇಡಿ. ತನ್ನ ಕಲ್ಲು ಅಲ್ಲಿದ್ದರೆ ಮಗು ಕನ್ನಡ ಪಾಠದ ನಡುವೆಯೂ ಕಿಟಕಿಯಲ್ಲಿ ಇಣುಕುತ್ತದೆ. ಇಣುಕಲಿ ಬಿಡಿ.

ಆಮೇಲೆ ಅರ್ಧ ಗಂಟೆಗೊಮ್ಮೆ ಇಬ್ಬರು ಹೋಗಿ ಗುರುತು ಹಾಕಿ, ಉದ್ದ ಅಳೆದು, ಗಂಟೆ ಬರೆದುಕೊಂಡು ಬರಬೇಕು. 12ರಿಂದ 1ರವರೆಗೆ ಐದೈದು ನಿಮಿಷಕ್ಕೊಮ್ಮೆ.

ನಾನು ಎಡವಿದ್ದು ಇಲ್ಲೇ. ಮೊದಲ ವರ್ಷ '12 ಗಂಟೆಗೆ ನೆರಳು ಎಲ್ಲಕ್ಕಿಂತ ಚಿಕ್ಕದು' ಅಂತ ಘೋಷಿಸಿ, ಗೆರೆ ಎಳೆದು, ಎಲ್ಲರನ್ನೂ ಒಳಗೆ ಕರೆತಂದಿದ್ದೆ. ನೀರು ಕುಡಿಯಲು ಹೋದ ಹುಡುಗಿ ಓಡಿ ಬಂದಳು. 'ಸಾರ್, ನೆಳ್ಳು ಇನ್ನಾ ಸಣ್ಣಕಾಗ್ತೈತೆ!' ಅವಳು ಹೇಳಿದ್ದೇ ಸರಿ. ನಮ್ಮ ಗಡಿಯಾರದ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಮ್ಮ ದಾವಣಗೆರೆ ಇರುವುದು ಅದಕ್ಕಿಂತ ಪಶ್ಚಿಮಕ್ಕೆ, 76 ಡಿಗ್ರಿಯ ಹತ್ತಿರ. ಹಾಗಾಗಿ ಸೂರ್ಯ ಇಲ್ಲಿಗೆ ತಡವಾಗಿ ಬರುತ್ತಾನೆ. ಡಿಗ್ರಿಗೆ 4 ನಿಮಿಷ ಅಂತ ಹಿಡಿದರೆ ನಮಗೆ ನಡುಹಗಲು ಸುಮಾರು 26 ನಿಮಿಷ ತಡ. ತಿಂಗಳಿಂದ ತಿಂಗಳಿಗೆ ಇದೂ ಸ್ವಲ್ಪ ಆಚೀಚೆ ಆಗುತ್ತದೆ.

ಅತಿ ಚಿಕ್ಕ ನೆರಳಿನ ಗೆರೆಯೇ ಉತ್ತರ-ದಕ್ಷಿಣ. ಜೂನ್, ಜುಲೈನಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ, ಸೆಪ್ಟೆಂಬರ್‌ನಲ್ಲಿ ಉತ್ತರಕ್ಕೆ. ನಡುವೆ ಒಂದು ದಿನ ನೆರಳೇ ಇರುವುದಿಲ್ಲ! ಚಿತ್ರದುರ್ಗ, ದಾವಣಗೆರೆಗೆ ಅದು ಬರುವುದು ಆಗಸ್ಟ್ 14ರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಹೇಗೂ ಧ್ವಜಾರೋಹಣದ ತಾಲೀಮಿಗೆ ಮಕ್ಕಳು ಕಂಬದ ಸುತ್ತ ನಿಂತಿರುತ್ತಾರೆ. ಮೋಡ ಕೈಕೊಡದಿದ್ದರೆ ಸರಿ. ಏಪ್ರಿಲ್ ಕೊನೆಯಲ್ಲೂ ಒಮ್ಮೆ ಹೀಗಾಗುತ್ತದೆ, ಆಗ ಬೇಸಿಗೆ ರಜೆ.

ಮಳೆ ಹಿಡಿದ ದಿನ ಒಳಗೆ ಕೂತು ಮಾಡಲು ಮೆಕ್ಕೆಜೋಳದ ತೆನೆ ಇದೆ. ನಮ್ಮ ಕಡೆ ಅದಕ್ಕೇನು ಬರ? ನಾಲ್ಕು ಮಕ್ಕಳಿಗೆ ಒಂದು ತೆನೆ ಕೊಡಿ. ಒಂದು ಸಾಲಿಗೆ ಇಂಕಿನ ಚುಕ್ಕೆ ಇಟ್ಟು ಅಲ್ಲಿಂದ ಸುತ್ತ ಎಣಿಸಲಿ. 12, 14, 16 ಬರುತ್ತದೆ. 13 ಬಂತು ಅಂದವರು ಮತ್ತೆ ಎಣಿಸಬೇಕು. ತೆನೆಯಲ್ಲಿ ಹೂಗಳು ಜೋಡಿ ಜೋಡಿಯಾಗಿ ಕಟ್ಟುವುದರಿಂದ ಸಾಲುಗಳು ಸಮಸಂಖ್ಯೆಯಲ್ಲೇ ಇರುತ್ತವೆ. ಒಂದು ಸಾಲಿನ ಕಾಳು ಎಣಿಸಿ ಗುಣಿಸಲಿ: 14 ಸಾಲು, ಸಾಲಿಗೆ 35 ಕಾಳು ಅಂದರೆ 490. ಆಮೇಲೆ ಬಿಡಿಸಿ, ಹತ್ತತ್ತರ ಗುಡ್ಡೆ ಹಾಕಿ ನೋಡಲಿ. ತುದಿಯಲ್ಲಿ ಕಾಳು ಕಟ್ಟಿರದಿದ್ದರೆ ಲೆಕ್ಕ ತಪ್ಪುತ್ತದೆ. ಯಾಕೆ ತಪ್ಪಿತು ಅಂತ ಅವರೇ ಹುಡುಕಿದರೆ ಅವತ್ತಿನ ಗಣಿತ ಮುಗಿದ ಹಾಗೆ.

ಇಷ್ಟಾದ ಮೇಲೆ ಬೇಕಾದರೆ ದುರ್ಗದ ಕೋಟೆಗೆ ಬಸ್ಸು ಹತ್ತಿ. ಗೈಡ್ ಹೇಳಿದ್ದನ್ನೆಲ್ಲ ಬರೆಸಬೇಡಿ. 'ಬಂಡೆ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ?' ಅನ್ನುವ ಒಂದೇ ಪ್ರಶ್ನೆ ಕೊಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ ಇಳಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಮೇಲಿನ ಹೊಂಡದ ದಂಡೆಯಲ್ಲಿ ನಿಂತು ಮಕ್ಕಳು ಆ ದಾರಿಯ ನಕ್ಷೆ ಬರೆಯಲಿ. ಬೆಳಿಗ್ಗೆ ಬೇಗ ಹತ್ತಿ, ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. ನೀರಿನ ಬಾಟಲಿ ಪ್ರತಿಯೊಬ್ಬರ ಹತ್ತಿರವೂ ಇರಲಿ. ಬುತ್ತಿ ಮಾತ್ರ ಬಸ್ಸಿನಲ್ಲೇ ಬಿಡಿ, ಮೇಲೆ ಕೋತಿಗಳಿವೆ.